ಕೊರಳಲ್ಲಿ ವೈರು ಹಾಕಿಕೊಂಡ ಶಮೀಮ್ ಆಪಾ

ನಮ್ಮ ಆಸ್ಪತ್ರೆಯಲ್ಲಿ ಕೊರಳಿಗೆ ಏನಾದರೊಂದು ಇಳಿಬಿಟ್ಟುಕೊಂಡು ತಿರುಗುವವರು ಎರಡು ಥರದ ಮಂದಿ. ಡಾಕ್ಟರರ ಕೊರಳಲ್ಲಿ ಸ್ಟೆತಸ್ಕೋಪು, ಶಮೀಮ್ ಆಪಾ ಕೊರಳಲ್ಲಿ ಮೂರು ಪಿನ್ನಿನ ಕರೆಂಟು ವೈರು. ದುಪಟ್ಟಾದ ಮೇಲೆ ಆ ಕರಿ ವೈರನ್ನು ಸುತ್ತಿಕೊಂಡು ಅವರು ವರಾಂಡದಲ್ಲಿ ದಡದಡ ನಡೆದು ಬಂದರೆ ಪಾಳಿಯಲ್ಲಿ ಕೂತ ರೋಗಿಗಳು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಒಮ್ಮೆ ಸುಲೇಪೇಟದಿಂದ ಬಂದಿದ್ದ ಅಜ್ಜಿಯೊಬ್ಬಳು ನನ್ನನ್ನು ಹತ್ತಿರ ಕರೆದು, "ಯಪ್ಪಾ, ಆಕಿ ಯಾವ ಬ್ಯಾನಿ ಡಾಕ್ಟರಮ್ಮ?" ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಆಪಾ ತಿರುಗಿ ನಿಂತು, "ಅಜ್ಜಿ, ನಾ ಡಬ್ಬಿ ಡಾಕ್ಟರ್. ಮನಷಾರ್‍ನ ಮುಟ್ಟಂಗಿಲ್ಲ" ಎಂದವರೇ ಹೊರಟುಹೋದರು. ಅಜ್ಜಿ ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ.

ಫ್ಯಾನು ನೋಡುವುದು ನನ್ನ ಕೆಲಸವೇ. ನಾನು ಮಲ್ಲಣ್ಣ, ಸೇಡಂನ ಆ ಖಾಸಗಿ ಆಸ್ಪತ್ರೆಯ ಕರೆಂಟಿನ ಉಸ್ತುವಾರಿ. ಜನರೇಟರು, ಲಿಫ್ಟು, ಏಸಿ, ಎಲ್ಲ ನನ್ನ ತಲೆನೋವು. ನಾವೆಲ್ಲ ಅಕ್ಕ ಎನ್ನುವ ಬದಲು ಆಪಾ ಎನ್ನುತ್ತಿದ್ದ ಶಮೀಮ್ ಕಂಪ್ಯೂಟರ್ ನೆಟ್‌ವರ್ಕಿನ ಉಸ್ತುವಾರಿ. ಶಹಾಬಾದಿನವರು. ಬೆಳಿಗ್ಗೆ ಅಲ್ಲಿ ಗಾಡಿ ಹತ್ತಿ, ವಾಡಿಯಲ್ಲಿ ಇಳಿದು ಚಹಾ ಕುಡಿದು, ಇನ್ನೊಂದು ಗಾಡಿ ಹಿಡಿದು ಚಿತ್ತಾಪುರದ ಮೇಲೆ ಸೇಡಂಗೆ ಬರುತ್ತಿದ್ದರು. "ನನ್ನ ಅರ್ಧಾ ಉಮರ್ ವಾಡಿ ಸ್ಟೇಷನ್‌ದಾಗ ಹೋಗ್ಯಾದ ನೋಡ್ರಿ ಮಲ್ಲಣ್ಣ. ಅಲ್ಲಿ ನಾಯಿಗೂ ನನ್ನ ಹೆಸರು ಗೊತ್ತದ" ಎನ್ನುತ್ತಿದ್ದರು. ಡಿಪ್ಲೊಮಾ ಓದಿದವರು, ಓದಿದ್ದೇನೆ ಎಂದು ಹೇಳಿಕೊಳ್ಳಲು ಒಂದಿಷ್ಟೂ ಸಂಕೋಚವಿಲ್ಲದವರು. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಮೊದಮೊದಲು ನನಗೆ ಅದು ಸರಿಬರುತ್ತಿರಲಿಲ್ಲ. ಎಷ್ಟು ಜಂಬ ಈ ಹೆಣ್ಣುಮಗಳಿಗೆ ಅಂದುಕೊಳ್ಳುತ್ತಿದ್ದೆ.

ಆಪಾ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಿದ್ದರು. ಅವರ ತಂದೆ ಶಹಾಬಾದಿನಲ್ಲಿ ನೆಲಕ್ಕೆ ಫರ್ಸಿ ಕಲ್ಲು ಹಾಸುವ ಮೇಸ್ತ್ರಿಯಾಗಿದ್ದರು. ಅದೇ ಊರ ಕಲ್ಲು, ಅದೇ ಊರ ಕೈ. ನಾನು ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಊಟಕ್ಕೆ ಕರೆದಿದ್ದೆ. ಆಪಾ ಬಂದರು, ಚಪ್ಪಲಿ ಬಿಟ್ಟರು, ಪಡಸಾಲೆಯ ಉದ್ದಕ್ಕೂ ಹಿಮ್ಮಡಿಯಿಂದ ಟಕ್ ಟಕ್ ಎಂದು ಬಡಿಯುತ್ತ ಹೋದರು. ನನ್ನ ಹೆಂಡತಿ ಹೋಳಿಗೆಯ ತಟ್ಟೆ ಹಿಡಿದು ನಿಂತೇ ಇದ್ದಾಳೆ. ಕಂಬದ ಹತ್ತಿರ ನಿಂತು ಆಪಾ, "ಇದು ಪೊಳ್ಳದ. ಇದೂ ಪೊಳ್ಳದ. ನಿಮ್ಮ ಮೇಸ್ತ್ರಿ ಗಡಬಡಿ ಮಾಡ್ಯಾನ" ಎಂದು ತೀರ್ಪು ಕೊಟ್ಟರು. ಆಮೇಲೆ ಕೂತು ನಾಲ್ಕು ಹೋಳಿಗೆ ತಿಂದರು. ಅವರು ಹೋದ ಮೇಲೆ ನನ್ನ ಹೆಂಡತಿ, "ಊಟಕ್ಕ ಕರದ್ರ ಮನಿ ತಪಾಸ್ ಮಾಡಾಕ ಬಂದಿದ್ಳೇನ್ ಆಕಿ?" ಎಂದು ನನ್ನ ಮೇಲೆ ಹರಿಹಾಯ್ದಳು. ಮಳೆಗಾಲ ಮುಗಿಯುವುದರೊಳಗೆ ಆ ಎರಡೂ ಕಲ್ಲು ಕುಸಿದವು.

ತಂದೆಯ ಮಾತು ತೆಗೆದರೆ ಆಪಾ ದನಿ ಮೆತ್ತಗಾಗುತ್ತಿತ್ತು. "ಹಾಸಿದ್ ನೆಲದಾಗ ಒಂದ್ ಫರ್ಸಿ ಒಡದ್ರ ಅಬ್ಬಾ ಅದೊಂದನ್ನೇ ತಗೀತಿದ್ರು. ಬಾಜೂದು ಅಲಗಾಡ್ತಿದ್ದಿಲ್ಲ. ಮನಿಮಂದಿ ಅದೇ ನೆಲದ ಮ್ಯಾಗ ಕುಂತು ಊಟ ಮಾಡ್ತಿದ್ರು, ಅಬ್ಬಾ ಮೂಲ್ಯಾಗ ಕೆಲಸ ಮಾಡ್ತಿದ್ರು. ಹೊಸಾ ಕಲ್ಲು ಹೊರಗ ಅಂಗಳದಾಗೇ ಅಳದು, ಕೊರದು, ನೀರು ಕುಡಿಸಿ ತಯಾರ್ ಮಾಡೋರು. ಒಳಗ ತಂದು ಕುಂದ್ರಸೂದಷ್ಟೇ." ಇದನ್ನು ಹೇಳುವಾಗ ಅವರ ಅಂಗೈ ಗಾಳಿಯಲ್ಲಿ ಒಂದು ಕಲ್ಲನ್ನು ಮೆಲ್ಲಗೆ ಇಳಿಸುತ್ತಿತ್ತು.

ಇನ್ನು ಅವರ ಡಬ್ಬಿಗಳ ವಿಷಯ. ಮೆಟ್ಟಿಲ ಕೆಳಗೆ, ಹಿಂದೆ ಹಾಸಿಗೆ ಬಟ್ಟೆ ಒಟ್ಟುತ್ತಿದ್ದ ಸಣ್ಣ ರೂಮಿನಲ್ಲಿ, ಕಬ್ಬಿಣದ ಗೂಡೊಂದರಲ್ಲಿ ಒಂದರ ಮೇಲೊಂದು ನಾಲ್ಕು ನೆಟ್‌ವರ್ಕ್ ಸ್ವಿಚ್ಚುಗಳಿದ್ದವು. ನಮ್ಮ ಕರೆಂಟಿನ ಸ್ವಿಚ್ಚಲ್ಲ. ಲ್ಯಾಬು, ಎಕ್ಸ್‌ರೇ, ಔಷಧಿ ಅಂಗಡಿ, ಬಿಲ್ಲಿನ ಕೌಂಟರು, ಐಸಿಯು, ಎಲ್ಲ ಕಡೆಯ ಕಂಪ್ಯೂಟರ್ ವೈರುಗಳು ಬಂದು ಸೇರುವ ಡಬ್ಬಿಗಳು. ಹಿಂದುಗಡೆ ಅವನ್ನು ಒಂದಕ್ಕೊಂದು ದಪ್ಪ ಕೇಬಲ್ಲಿನಿಂದ ಕೈಕೈ ಹಿಡಿಸಿ, ಕೊನೆಯದನ್ನು ಮತ್ತೆ ಮೊದಲಿನದಕ್ಕೆ ಜೋಡಿಸಿದ್ದರು. ಹಾಗೆ ಜೋಡಿಸಿದರೆ ನಾಲ್ಕೂ ಸೇರಿ ಒಂದೇ ಡಬ್ಬಿಯಂತೆ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದು ಹಿರಿಯ. ಯಾವ ವೈರಿಗೆ ಏನು ಕೆಲಸ ಎಂಬುದೆಲ್ಲ ಆ ಹಿರಿಯನ ತಲೆಯಲ್ಲಿರುತ್ತದೆ, ಉಳಿದವು ಅದು ಹೇಳಿದಂತೆ ಕೇಳುತ್ತವೆ. ನಡುವೆ ಒಂದು ಸತ್ತರೂ ಉಳಿದವು ಇನ್ನೊಂದು ದಿಕ್ಕಿನಿಂದ ಮಾತಾಡಿಕೊಂಡು ನಡೆದಿರುತ್ತವೆ. ಇಷ್ಟನ್ನು ನನ್ನ ತಲೆಗೆ ಹಾಕಲು ಆಪಾ ಎಷ್ಟು ಚಹಾ ಖರ್ಚು ಮಾಡಿದರೋ ದೇವರೇ ಬಲ್ಲ.

ನಮ್ಮ ಮ್ಯಾನೇಜರ್ ಸಾಹೇಬರು ಭಾಳ ದೈವಭಕ್ತರು. ಹೊಸ ಮಷೀನು ಬಂದರೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು, ಒಳ್ಳೆಯ ಗಳಿಗೆಯಲ್ಲಿ ಅವರ ಕೈಯಿಂದಲೇ ಚಾಲೂ ಆಗಬೇಕು. ಎಕ್ಸ್‌ರೇ ಮಷೀನಿನಿಂದ ಹಿಡಿದು ನೀರಿನ ಫಿಲ್ಟರಿನವರೆಗೆ ಎಲ್ಲಕ್ಕೂ ಇದೇ ಉಪಚಾರ. ಹಾಗೇ ನಡೆದುಕೊಂಡು ಬಂದಿತ್ತು, ಯಾರಿಗೂ ತಕರಾರಿರಲಿಲ್ಲ. ನನ್ನ ಜನರೇಟರಿಗೆ ಹಾಕಿದ ಚೆಂಡುಹೂವಿನ ಹಾರವನ್ನು ನಾನೂ ಒಣಗುವವರೆಗೆ ತೆಗೆದಿರಲಿಲ್ಲ.

ಒಮ್ಮೆ ಆ ನಾಲ್ಕು ಡಬ್ಬಿಗಳಲ್ಲಿ ಎರಡನೆಯದು ಕೆಟ್ಟಿತು. ಬದಲಿ ಡಬ್ಬಿ ಬಂದ ದಿನ ಆಪಾ ಚಿತ್ತಾಪುರದ ನಮ್ಮ ಸಣ್ಣ ಆಸ್ಪತ್ರೆಗೆ ಹೋಗಿದ್ದರು. ಗಳಿಗೆ ಮೀರುತ್ತದೆ ಎಂದು ಸಾಹೇಬರು ಕಾಯಲಿಲ್ಲ. ಡಬ್ಬಿ ಮಾರಿದ ಅಂಗಡಿಯವನಿಂದಲೇ ಅದನ್ನು ಗೂಡಿಗೆ ಏರಿಸಿ, ಪೂಜೆ ಮಾಡಿ, ಕರೆಂಟು ಕೊಟ್ಟು ಚಾಲೂ ಮಾಡಿಯೇಬಿಟ್ಟರು. ಒಂಟಿಯಾಗಿ ಚಾಲೂ ಆದ ಡಬ್ಬಿ ತನ್ನನ್ನೇ ಹಿರಿಯ ಅಂದುಕೊಳ್ಳುತ್ತದೆ. ಮೇಲಾಗಿ ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಹಿರಿತನ ಕೊಟ್ಟು ಹಾಗೇ ಬಿಟ್ಟಿದ್ದರಂತೆ. ಅದು ಚಾಲೂ ಇರುವಾಗಲೇ ಅಂಗಡಿಯವನು ಹಿಂದಿನ ಕೇಬಲ್ ಚುಚ್ಚಿದ. ಮುಗಿಯಿತು. ನಮ್ಮ ಹಳೆಯ ಡಬ್ಬಿಗಳೆಲ್ಲ ಹೊಸಬನಿಗೆ ಸೋತು, ಆರಿ, ಮತ್ತೆ ಎದ್ದು, ಅವನನ್ನೇ ಹಿರಿಯ ಎಂದು ಒಪ್ಪಿಕೊಂಡವು. ಅವನ ತಲೆಯಲ್ಲೋ ಏನೂ ಇಲ್ಲ, ಬೋಳು. ಇಡೀ ಆಸ್ಪತ್ರೆ ಕೈಬರಹಕ್ಕೆ ಬಂತು. ಲ್ಯಾಬಿನ ಸರಸ್ವತಿ ರಕ್ತದ ರಿಪೋರ್ಟು ಹಿಡಿದು ಮೆಟ್ಟಿಲು ಹತ್ತಿ ಇಳಿದು ಹೈರಾಣಾದಳು. ಪಾಳಿ ಗೇಟಿನಾಚೆ ಹೋಯಿತು.

ಆಪಾ ಓಡಿ ಬಂದು, ತಾವು ತೆಗೆದಿಟ್ಟಿದ್ದ ನಕಲಿನಿಂದ ಎಲ್ಲವನ್ನೂ ಮತ್ತೆ ತುಂಬಿ, ಸಂಜೆಯ ಹೊತ್ತಿಗೆ ಆಸ್ಪತ್ರೆಯನ್ನು ದಾರಿಗೆ ತಂದರು. ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರರು ಎಲ್ಲರನ್ನೂ ಕರೆದರು. "ಶಮೀಮ್, ಇನ್ನೊಂದ್ ಸರ್ತಿ ಹಿಂಗಾತಂದ್ರ ಈ ಕೆಲಸ ಹೈದರಾಬಾದಿನ ಕಂಪನಿಗೆ ಕೊಡ್ತೀನಿ. ನೀವು ರಿಸೆಪ್ಷನ್‌ದಾಗ ಕುಂದ್ರಬೇಕಾಗ್ತದ" ಎಂದರು. ಸಾಹೇಬರು ಅಲ್ಲೇ ನಿಂತಿದ್ದರು, ನೆಲ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು, ಬಾಯಿ ತೆರೆದೆ. ಆಪಾ ನನ್ನ ಕಡೆ ಒಮ್ಮೆ ಕಣ್ಣು ಬಿಟ್ಟು ನೋಡಿ ಬಾಯಿ ಮುಚ್ಚಿಸಿದರು. "ರೂಮ್ ನಂದದ ಸರ್. ನನ್ನ ರೂಮಿನಾಗ ಆಗಿದ್ದು ನನ್ನ ಮ್ಯಾಗೇ. ಇನ್ನ ಮುಂದ ಆಗಂಗಿಲ್ಲ" ಎಂದರು. ಅಷ್ಟೇ.

ಹೊರಗೆ ಬಂದ ಮೇಲೆ ನಾನು ಬಿಡಲಿಲ್ಲ. "ಏನ್ ಆಪಾ, ಅವರ ತಪ್ಪು ನಿಮ್ಮ ತಲಿಮ್ಯಾಗ ಯಾಕ ಹೊತ್ಗೊಂಡ್ರಿ? ಪೂಜಿನೇ ಬಂದ್ ಮಾಡಸ್ರಿ ಆ ರೂಮಿನಾಗ" ಎಂದೆ. ಆಪಾ ನಕ್ಕರು. "ಬಂದ್ ಮಾಡ್ಸಿದ್ರ ಸಾಹೇಬ್ರು ಕದ್ದು ಮಾಡ್ತಾರ ಮಲ್ಲಣ್ಣ. ಕದ್ದು ಮಾಡಿದ್ದೇ ನನ್ನ ಮುಳಗಸ್ತದ. ಅವರ ಖುಷಿ ಅವರು ಮಾಡ್ಲಿ. ಕರೆಂಟ್ ಮಾತ್ರ ನನ್ನ ಕೈಯಾಗ ಇರ್ಲಿ" ಎಂದರು. ಅವತ್ತಿನಿಂದ ಯಾವ ಹೊಸ ಡಬ್ಬಿ ಬಂದರೂ ಮೊದಲು ಅದರ ಕರೆಂಟು ವೈರು ಆಪಾ ಕೊರಳಿಗೆ ಬರುತ್ತಿತ್ತು. ಡಬ್ಬಿ ಇಲ್ಲದ ದಿನಗಳಲ್ಲೂ ಒಂದು ವೈರು ಅಲ್ಲೇ ನೇತಾಡುತ್ತಿತ್ತು. ಸಾಹೇಬರಿಗೆ ನೆನಪಿರಲಿ ಎಂದೇ ಹಾಕಿಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ.

ಬೇಸಿಗೆಯಲ್ಲಿ ಮೂರನೆಯ ಡಬ್ಬಿ ಸತ್ತಿತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಗೋಡೆಗಳೂ ಬೆವರುತ್ತವೆ. ಲ್ಯಾಬು ಮತ್ತು ಎಕ್ಸ್‌ರೇ ಎರಡೂ ಅದರಲ್ಲೇ ಇದ್ದವು, ಅವೆರಡೂ ಕೈಬರಹಕ್ಕೆ ಬಂದವು. ಸುದ್ದಿ ತಿಳಿದ ದೊಡ್ಡ ಡಾಕ್ಟರರು, "ಬದಲಿ ಹಾಕುವಾಗ ಎಲ್ಲಾ ಬಂದ್ ಮಾಡಬೇಕಾಗ್ತದೇನು?" ಎಂದು ಕೇಳಿದರು. "ಒಂದು ಕೌಂಟರ್ ಸುದ್ದಾ ಬಂದ್ ಆಗಂಗಿಲ್ಲ. ಪಾಳಿ ನಡೀಲಿ" ಎಂದರು ಆಪಾ. ಡಾಕ್ಟರರು ಕರೆಸಿದ್ದ ಹೈದರಾಬಾದಿನ ಕಂಪನಿಯವರು ಆ ವಾರವೇ ಬಂದು ರೂಮು ನೋಡಿಕೊಂಡು ಹೋಗುವವರಿದ್ದರು. ಇಷ್ಟು ದೊಡ್ಡ ಮಾತು ಈಗ ಯಾಕೆ ಬೇಕಿತ್ತು ಈ ತಾಯಿಗೆ?

ಹೊಸ ಡಬ್ಬಿ ಬಂತು. ಅದೇ ಜಾತಿಯದು, ಅದೇ ಅಳತೆಯದು. ಆಪಾ ಅದನ್ನು ಗೂಡಿನ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಹೊರಗೆ ತಮ್ಮ ಮೇಜಿನ ಮೇಲೆ ಒಂಟಿಯಾಗಿ ಇಟ್ಟು, ಅಲ್ಲೇ ಕರೆಂಟು ಕೊಟ್ಟು, ಅದರ ಹಳೆಯ ನೆನಪೆಲ್ಲ ಅಳಿಸಿದರು. ಒಳಗಿನ ತಂತ್ರಾಂಶವನ್ನು ಉಳಿದವುಗಳಿಗೆ ಸರಿಯಾಗಿ ಹೊಂದಿಸಿದರು. ನಂಬರು ಮೂರು ಎಂದು ಕೊಟ್ಟರು, ಹಿರಿತನವನ್ನು ಎಲ್ಲಕ್ಕಿಂತ ಕೆಳಗೆ ಇಳಿಸಿದರು. "ಅಂಗಳದಾಗಿನ ಕೆಲಸ ಮುಗೀತು" ಎಂದು ಆರಿಸಿ, ವೈರು ಕಿತ್ತು ಕೊರಳಿಗೆ ಹಾಕಿಕೊಂಡರು. ಸತ್ತ ಡಬ್ಬಿಯ ಒಂದೊಂದು ವೈರಿಗೂ ಚೀಟಿ ಅಂಟಿಸಿ, ಅದನ್ನು ಕಳಚಿ, ಅದರ ಜಾಗದಲ್ಲಿ ಆರಿದ ಹೊಸದನ್ನು ಇಟ್ಟರು. "ಮೂರನೇದು ಸತ್ತದ ಅಂತ ಹಿರಿಯಗ ಗೊತ್ತದ. ಆದ್ರೂ ಅದರ ಜಾಗಾ, ಅದರ ಕೆಲಸ, ಎಲ್ಲಾ ಹಂಗೇ ಹಿಡಿದಿಟ್ಟದ ನೋಡ್ರಿ. ಅದೇ ನಂಬರಿಂದು ಬಂದ ಕೂಡ್ಲೇ ತಾನೇ ಕಲಸ್ತದ" ಎಂದು ನನಗೆ ಪರದೆಯ ಮೇಲೆ ತೋರಿಸಿದರು.

ಆಮೇಲೆ ಅವರು ಮಾಡಿದ ಕೆಲಸ ನಾನು ಇವತ್ತಿಗೂ ಮರೆತಿಲ್ಲ. ಪೂಜೆಯ ತಟ್ಟೆ ಹಿಡಿಯುವುದು ನಮ್ಮ ಹಿರಿಯ ಆಯಾ ಗಂಗಮ್ಮ. ಆಪಾ ಆಕೆಯನ್ನು ಕರೆದು ಚಹಾ ಕೊಟ್ಟು ಕೂಡಿಸಿದರು.

"ಗಂಗಮ್ಮ, ನೀವು ಮೊದಲ ಏನ್ ಮಾಡ್ತೀರಿ, ಆಮ್ಯಾಲ ಏನ್ ಮಾಡ್ತೀರಿ, ಎಲ್ಲಾ ಹೇಳ್ರಿ."

"ಅರಿಶಿನ, ಕುಂಕುಮ, ಹೂವ, ಊದಿನಕಡ್ಡಿ. ಆಮ್ಯಾಲ ಕಾಯಿ ಒಡಿಯೂದು, ಸಾಹೇಬ್ರು ಬಟನ್ ಒತ್ತೂದು. ಯಾಕ್ರೀ ಆಪಾ, ನೀವೂ ಮಾಡೋರಿದ್ದೀರೇನು?"

"ನಾ ನಡಬರಕ ಬರ್ತೀನಿ. ಊದಿನಕಡ್ಡಿ ಹೊರಗ ಹಚ್ಚರಿ, ಇಲ್ಲಾಂದ್ರ ಬೆಂಕಿ ಗಂಟಿ ಹೊಡ್ಕೋತದ. ಕುಂಕುಮ ಬಾಜೂಕ ಹಚ್ಚರಿ, ತೂತಿನಾಗ ಬೀಳಬಾರ್ದು. ಹೂವ ಏರಸಿದ್ ಮ್ಯಾಲ ನೀವು ನಿಂದರ್‍ರಿ. ನಾ ಕೇಬಲ್ ಹಾಕ್ತೀನಿ. ನಾ ಹೂಂ ಅಂದ್ ಮ್ಯಾಲೇ ಕಾಯಿ. ಕಾಯಿ ಆದ್ ಮ್ಯಾಲೇ ಕರೆಂಟ್."

ಗಂಗಮ್ಮ ಸ್ವಲ್ಪ ಯೋಚಿಸಿ, "ದೇವರಿಗೇನ್ ತಕರಾರ್ ಇರಂಗಿಲ್ಲ ಬಿಡ್ರಿ" ಎಂದು ಚಹಾ ಮುಗಿಸಿದಳು.

ಪೂಜೆಯ ದಿನ ಹೊರಗೆ ಪಾಳಿ ತುಂಬಿ ತುಳುಕುತ್ತಿತ್ತು. ಆ ಸಣ್ಣ ರೂಮಿನ ಬಾಗಿಲಲ್ಲಿ ದೊಡ್ಡ ಡಾಕ್ಟರರು, ಪಕ್ಕದಲ್ಲಿ ಗಡಿಯಾರ ನೋಡುತ್ತ ಮ್ಯಾನೇಜರ್ ಸಾಹೇಬರು, ಹೊಸ್ತಿಲ ಮೇಲೆ ಕಾಯಿ ಹಿಡಿದ ಗಂಗಮ್ಮ. ನನ್ನ ಕಿವಿಯಲ್ಲಿ ಫೋನು, ಆ ಕಡೆ ಲ್ಯಾಬಿನಲ್ಲಿ ಸರಸ್ವತಿ. ಅರಿಶಿನ ಕುಂಕುಮ ಆಯಿತು, ಹೂವಾಯಿತು. ಆಪಾ ಗೂಡಿನ ಹಿಂದೆ ಹೋಗಿ ಹೊಸ ಡಬ್ಬಿಯ ಒಂದು ಕೇಬಲ್ ಮೇಲಿನದಕ್ಕೆ, ಇನ್ನೊಂದು ಕೆಳಗಿನದಕ್ಕೆ ಹಾಕಿ ತಿರುಪು ಬಿಗಿದರು. ಗಂಗಮ್ಮ ಕಾಯಿ ಎತ್ತಿದಳು. ಆಪಾ ತಲೆ ಅಲ್ಲಾಡಿಸಿದರು. ಒಂದು ಕೇಬಲ್ ಸರಿಯಾಗಿ ಕೂತಿರಲಿಲ್ಲ. ಮತ್ತೆ ತಿರುಪು ಬಿಚ್ಚತೊಡಗಿದರು.

"ಗಳಗಿ ಹೋಗಾಕತ್ತದ ಆಪಾ, ಜಲ್ದಿ ಮಾಡ್ರಿ" ಎಂದರು ಸಾಹೇಬರು.

"ಝರಾ ನಿಂದರ್‍ರಿ ಸಾಹೇಬ್ರ."

"ನನ್ನ ಕೈ ನೋಯಾಕತ್ತಾವ್ರೀ" ಎಂದಳು ಗಂಗಮ್ಮ, ಎತ್ತಿದ ಕಾಯಿಯನ್ನು ಎತ್ತಿಕೊಂಡೇ.

"ಇಳಸಬ್ಯಾಡ್ರಿ ಗಂಗಮ್ಮ, ಆತು, ಆತು."

ಸಾಹೇಬರ ಹಣೆಯಲ್ಲಿ ಬೆವರು. ಆಪಾ ಕೈಯಲ್ಲಿ ಮಾತ್ರ ಒಂದಿಷ್ಟೂ ಅವಸರವಿಲ್ಲ. ಕೇಬಲ್ ಎಳೆದು ನೋಡಿದರು, ಒತ್ತಿ ನೋಡಿದರು, ತಿರುಪು ಬಿಗಿದರು. ಚೀಟಿ ನೋಡಿ ನೋಡಿ ಲ್ಯಾಬು, ಎಕ್ಸ್‌ರೇ ವೈರುಗಳನ್ನೆಲ್ಲ ಅವವುಗಳ ಜಾಗದಲ್ಲಿ ಕೂಡಿಸಿದರು. ಉಳಿದ ಮೂರು ಡಬ್ಬಿಗಳ ಹಸಿರು ದೀಪಗಳು ತಮ್ಮ ಪಾಡಿಗೆ ಮಿಣುಕುತ್ತಲೇ ಇದ್ದವು. "ಹೂಂ" ಎಂದರು. ಗಂಗಮ್ಮ ಎಷ್ಟು ಸಿಟ್ಟಿನಿಂದ ಕಾಯಿ ಒಡೆದಳೆಂದರೆ ನೀರು ದೊಡ್ಡ ಡಾಕ್ಟರರ ಬೂಟಿಗೆ ಹಾರಿತು.

ಈಗ ಕರೆಂಟು. ಆಪಾ ಕೊರಳಿನಿಂದ ವೈರು ತೆಗೆದು, ಒಂದು ತುದಿಯನ್ನು ಡಬ್ಬಿಗೆ ಹಾಕಿ, ಪಿನ್ನನ್ನು ಸಾಹೇಬರ ಕೈಗೆ ಕೊಟ್ಟರು. "ತಗೋರಿ ಸಾಹೇಬ್ರ. ಈಗ ನೀವೇ ಹಾಕ್ರಿ" ಎಂದರು. ಸಾಹೇಬರು ಪಿನ್ನು ಹಿಡಿದು ಆಪಾ ಮುಖವನ್ನೇ ನೋಡಿದರು. ಹಿಂದೆ ಆಗಿದ್ದೆಲ್ಲ ಆ ಒಂದು ನೋಟದಲ್ಲಿ ಬಂದು ಹೋಯಿತು. ಎರಡೂ ಕಣ್ಣಿಗೆ ಪಿನ್ನು ಒತ್ತಿಕೊಂಡು, ಸಾಕೆಟ್ಟಿಗೆ ಹಾಕಿದರು.

ಕಿತ್ತಳೆ ದೀಪ ಹತ್ತಿತು. ಹತ್ತಿದ್ದು ಹಾಗೇ ಇತ್ತು. ನಾನು ಫೋನಿನಲ್ಲಿ "ಬಂತೇನ್ ಸರಸ್ವತಿ?" ಎಂದೆ. "ಇಲ್ರಿ" ಎಂದಳು. ಡಾಕ್ಟರರು ಕೆಮ್ಮಿದರು. ಮತ್ತೆ ಕೇಳಿದೆ, ಮತ್ತೆ "ಇಲ್ರಿ ಅಣ್ಣ". ಆಪಾ ದೀಪದ ಮೇಲಿನ ಕಣ್ಣು ಕೀಳದೆ, "ಹೊಸದಾಗಿ ಮನಿಗ್ ಬಂದದ, ಗುರ್ತಾ ಮಾಡ್ಕೋಲಿ ಬಿಡ್ರಿ" ಎಂದರು. ಅವರ ಬಲಗಾಲ ಹಿಮ್ಮಡಿ ನೆಲವನ್ನು ಮೆಲ್ಲಗೆ ಬಡಿಯುತ್ತಿತ್ತು. ಅದೊಂದೇ ಅವರ ಅಂಜಿಕೆಯ ಗುರುತು, ನಾನು ಮಾತ್ರ ಕಂಡೆ. ನಾನು ಮನಸ್ಸಿನಲ್ಲೇ ನನಗೆ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ, ಅವರ ದೇವರಿಗೂ ಮುಗಿದೆ. ದೀಪ ಹಸಿರಾಯಿತು. ಸಾಲಾಗಿ ಒಂದಾದ ಮೇಲೊಂದು ಸಣ್ಣ ದೀಪಗಳು ಹತ್ತುತ್ತ ಹೋದವು. ಫೋನಿನಲ್ಲಿ ಸರಸ್ವತಿ, "ಬಂತ್ರೀ! ಎಲ್ಲಾ ಬಂತ್ರೀ!" ಎಂದು ಚೀರಿದಳು.

ಹೊರಗಿನ ಪಾಳಿಯಲ್ಲಿ ಒಬ್ಬರಿಗಾದರೂ ಏನಾದರೂ ಗೊತ್ತಾಗಿದ್ದರೆ ಕೇಳಿ. ಬಿಲ್ಲು ಹರಿಯುತ್ತಲೇ ಇತ್ತು, ಔಷಧಿ ಕೊಡುತ್ತಲೇ ಇದ್ದರು. ಗಂಗಮ್ಮ ಕೊಬ್ಬರಿ ಚೂರು ಹಂಚಲು ಹೋದಾಗ, "ಇವತ್ತೇನ್ ಹಬ್ಬರೀ?" ಎಂದು ಕೇಳಿದರಂತೆ. ದೊಡ್ಡ ಡಾಕ್ಟರರು ಬೂಟು ಒರೆಸಿಕೊಳ್ಳುತ್ತ, "ಹೈದರಾಬಾದ್‌ದವರಿಗೆ ಬರೂದು ಬ್ಯಾಡ ಅಂತ ಫೋನ್ ಮಾಡ್ರಿ" ಎಂದು ಸಾಹೇಬರಿಗೆ ಹೇಳಿ ರೋಗಿಗಳನ್ನು ನೋಡಲು ಹೋದರು. ನನಗಾದ ಹೆಮ್ಮೆ ಎಷ್ಟೆಂದರೆ, ಎದುರಿಗೆ ಸಿಕ್ಕ ವಾರ್ಡ್‌ಬಾಯ್‌ನನ್ನೂ ನಿಲ್ಲಿಸಿ ಕಥೆ ಹೇಳಿದೆ. ಆಪಾ? ರೊಟ್ಟಿ, ಪುಂಡಿಪಲ್ಲೆಯ ಡಬ್ಬಿ ಬಿಚ್ಚಿ ಕೂತು, "ನಾ ಛಲೋ ಮಾಡಿದೆ, ಹೌದಿಲ್ಲೋ ಮಲ್ಲಣ್ಣ?" ಎಂದರು. "ಹೌ ಆಪಾ, ಭಾಳ ಛಲೋ" ಎಂದೆ. ಅವತ್ತು ಅವರ ಜಂಬ ನನಗೆ ಸಿಹಿಯಾಗಿ ಕಂಡಿತು.

ಅಂದಿನಿಂದ ಸರಸ್ವತಿ ಊಟದ ಹೊತ್ತಿನಲ್ಲೆಲ್ಲ ಆಪಾ ರೂಮಿನಲ್ಲೇ ಇರತೊಡಗಿದಳು. ಆಪಾ ಕಲಿಸಿದರು, ಬೈದರು, ಮತ್ತೆ ಕಲಿಸಿದರು. ಮುಂದೆ ಚಿಂಚೋಳಿಯಲ್ಲಿ ನಮ್ಮ ಇನ್ನೊಂದು ಆಸ್ಪತ್ರೆ ಆಯಿತು. ಎಲ್ಲ ಊರಿನ ನೆಟ್‌ವರ್ಕಿಗೂ ಆಪಾರನ್ನೇ ಮುಖ್ಯಸ್ಥರನ್ನಾಗಿ ಮಾಡಿ ಅಲ್ಲಿಗೆ ಕಳಿಸಿದರು. ಬೀಳ್ಕೊಡುವ ದಿನ ನಾವು ಶಾಲು, ಹಾರ ತಂದಿದ್ದೆವು. ಹಾರ ಹಾಕಲು ಹೋದರೆ ವೈರು ಅಡ್ಡ ಬಂತು. ಆಪಾ ಅದನ್ನು ತೆಗೆದು ಸರಸ್ವತಿಯ ಕೊರಳಿಗೆ ಹಾಕಿ, ಆಮೇಲೆ ಹಾರ ಹಾಕಿಸಿಕೊಂಡರು. ಸರಸ್ವತಿ ಅತ್ತಳು. ಸಾಹೇಬರೂ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು. ನಾನು ಅಳಲಿಲ್ಲ ಎಂದರೆ ನನ್ನ ಹೆಂಡತಿಯೂ ನಂಬುವುದಿಲ್ಲ.

ಮೊನ್ನೆ ಮೊನ್ನೆ ನಮ್ಮ ಮೊದಲನೆಯ ಡಬ್ಬಿಯೇ ಸತ್ತಿತು. ಹಿರಿಯನೇ ಹೋದ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಎಲ್ಲ ತಡವರಿಸಿದಂತಾಗಿ, ಇನ್ನೊಂದು ಡಬ್ಬಿ ತಾನೇ ಹಿರಿತನ ತೆಗೆದುಕೊಂಡಿತು. ಸತ್ತ ಡಬ್ಬಿಗೆ ಜೋಡಿಸಿದ್ದ ಬಿಲ್ಲಿನ ಕೌಂಟರುಗಳು ಮಾತ್ರ ನಿಂತವು. ನನ್ನ ಕೈ ತಾನಾಗಿ ಆಪಾ ನಂಬರಿಗೆ ಹೋಯಿತು. ಹತ್ತಲಿಲ್ಲ. ಕುಂಚಾವರಂ ಕಡೆಯ ತಾಂಡಾಗಳಲ್ಲಿ ಆರೋಗ್ಯ ಶಿಬಿರವೆಂದು ವ್ಯಾನಿನ ಜೊತೆ ಹೋಗಿದ್ದಾರೆ, ಆ ಕಾಡಿನಲ್ಲಿ ಫೋನು ಸಿಗುವುದಿಲ್ಲ ಎಂದು ಚಿಂಚೋಳಿಯವರು ಹೇಳಿದರು. ನಾನು ಸರಸ್ವತಿಯ ಕಡೆ ನೋಡಿದೆ. ಅವಳು ಆಗಲೇ ಕಪಾಟಿನಿಂದ ಬದಲಿ ಡಬ್ಬಿ ತೆಗೆದು ಹೊರಗಿನ ಮೇಜಿನ ಮೇಲೆ ಇಟ್ಟಿದ್ದಳು.

ಸಂಜೆ ಆಪಾ ಫೋನು ಬಂತು. ವ್ಯಾನು ಹಳ್ಳ ದಾಟಿ ಬಂದಿರಬೇಕು, ದನಿ ಕಡಿದು ಕಡಿದು ಬರುತ್ತಿತ್ತು. "ಏನಾಗ್ಯಾದ ಮಲ್ಲಣ್ಣ? ಇಷ್ಟು ಸರ್ತಿ ಯಾಕ ಫೋನ್ ಮಾಡೀರಿ?" ನಾನು ಹೇಳಿದೆ. ಹಿರಿಯ ಹೋದದ್ದು, ಸರಸ್ವತಿ ಬದಲಿ ಹಾಕಿದ್ದು, ಎಲ್ಲ ಸರಿಯಾದದ್ದು. ಆಪಾ ಯಾವ ನಂಬರು ಕೊಟ್ಟಿರಿ ಎಂದು ಕೇಳಲಿಲ್ಲ, ಹಿರಿತನ ಇಳಿಸಿದಿರಾ ಎಂದು ಕೇಳಲಿಲ್ಲ.

"ಕಾಯಿ ಯಾವಾಗ ಒಡದ್ರಿ?"

"ಕೇಬಲ್ ಹಾಕಿದ್ ಮ್ಯಾಲ, ಆಪಾ. ಕರೆಂಟ್ ವೈರ್ ಅಲ್ಲೀತನ ಸರಸ್ವತಿ ಕೊಳ್ಳಾಗೇ ಇತ್ತು."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು, ಅದರ ಹಿಂದೆಯೇ ಆ ಹಳೆಯ ದೊಡ್ಡ ನಗು.

"ಹಂಗಾದ್ರ ಇನ್ನ ನಾ ಯಾಕ ಬರ್ಲಿ?" ಎಂದರು ಶಮೀಮ್ ಆಪಾ.

ಬಂದಿಲ್ಲ.